ಗೋವಾದ ಪುಟ್ಟ ಬಾರಿನಲ್ಲಿ ಫೆನಿ ರುಚಿ ತೋರಿಸುವ ಕ್ರಮ

ಮೊದಲು ಅಬಕಾರಿ ಪರವಾನಗಿ, ಆಮೇಲೆ ಬಾಟಲಿ. ಮಾರುವ ಲೈಸೆನ್ಸ್ ಇದ್ದ ಮಾತ್ರಕ್ಕೆ ಹಿತ್ತಲಲ್ಲಿ ಭಟ್ಟಿ ಹೂಡುವಂತಿಲ್ಲ. ಗೋವಾದ ಗೇರು ಫೆನಿ ಎಂಬ ಮದ್ಯಕ್ಕೆ 2009ರಲ್ಲಿ ಭೌಗೋಳಿಕ ಗುರುತು (ಜಿಐ), ಅಂದರೆ ಆ ನೆಲದ್ದೇ ಸರಕು ಎಂಬ ಮಾನ್ಯತೆ ಸಿಕ್ಕಿದೆ. ತಯಾರಕರ ಹೆಸರು, ಆಲ್ಕೋಹಾಲ್ ಪ್ರಮಾಣ ಇಲ್ಲದ ಸರಕು ಎಷ್ಟೇ ಅಗ್ಗವಾದರೂ ಬೇಡ.

ಶುರು ಉರಾಕ್‌ನಿಂದ. ಹುಳಿಬಂದ ಗೇರುಹಣ್ಣಿನ ರಸವನ್ನು ಒಮ್ಮೆ ಬಟ್ಟಿ ಇಳಿಸಿದರೆ ಉರಾಕ್, ಸುಮಾರು 15%. ಮತ್ತೊಮ್ಮೆ ಇಳಿಸಿದರೆ ಫೆನಿ, 42%ರ ಆಸುಪಾಸು. ಉರಾಕ್ ಬೇಸಿಗೆಯ ಸರಕು, ಮಳೆಗಾಲಕ್ಕೆ ಕೂಡಿಟ್ಟರೆ ರುಚಿ ಕೆಡುತ್ತದೆ. ಎತ್ತರದ ಗ್ಲಾಸಿಗೆ 60 ಎಂಎಲ್ ಉರಾಕ್, ಐಸ್, ಅರ್ಧ ನಿಂಬೆ, ಚಿಟಿಕೆ ಉಪ್ಪು, ಸೀಳಿದ ಒಂದು ಹಸಿಮೆಣಸು. ಮೇಲೆ ನಿಂಬೆ ಸೋಡಾ. ಮೆಣಸನ್ನು ಕೊಡುವ ಹೊತ್ತಿಗಷ್ಟೇ ಹಾಕಿ, ಮೊದಲೇ ನೆನೆಸಿಟ್ಟರೆ ಖಾರದ ಮುಂದೆ ಹಣ್ಣು ಸೋಲುತ್ತದೆ.

ಫೆನಿಗೆ ಐಸ್ ಬೇಡ. ತಣ್ಣಗಾದರೆ ಪರಿಮಳ ಮುದುಡಿಕೊಳ್ಳುತ್ತದೆ, ಗೇರಿನ ಆ ಘಾಟು ವಾಸನೆಗೇ ತಾನೆ ಜನ ಬರುವುದು! ಸಣ್ಣ ಬಾಯಿಯ ಗ್ಲಾಸಿನಲ್ಲಿ 30 ಎಂಎಲ್ ಫೆನಿಗೆ ಅಷ್ಟೇ ನೀರು ಬೆರೆಸಿ. ಬಲ 21%ಕ್ಕೆ ಇಳಿದು, ಮೂಗಿಗೆ ಹೊಡೆಯುವ ಉರಿ ತಗ್ಗುತ್ತದೆ. ತೆಂಗಿನ ಕಳ್ಳಿನಿಂದ ಇಳಿಸುವ ತೆಂಗಿನ ಫೆನಿಯೂ ಇದ್ದರೆ ಅದನ್ನು ಗೇರು ಫೆನಿಗಿಂತ ಮೊದಲು ಕೊಡಿ; ಗೇರಿನ ನಂತರ ಅದು ಸಪ್ಪೆ.

ಗ್ಲಾಸುಗಳನ್ನು ಬಿಸಿನೀರಲ್ಲಿ ತೊಳೆದು ಗಾಳಿಗೆ ಒಣಗಿಸಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗ್ಗಲು ವಾಸನೆ ಅಂಟುತ್ತದೆ, ಗಿರಾಕಿ ಬೈಯುವುದು ಫೆನಿಯನ್ನು. ದಾಸ್ತಾನು ಗಾಜಿನ ಬಾಟಲಿಯಲ್ಲೇ ಇರಲಿ, ಪ್ಲಾಸ್ಟಿಕ್ ಕ್ಯಾನಿನಲ್ಲಿ ಬೇಡ.