ಬಾ ನಾ ಹಿಲ್ಸ್‌ಗೆ ಮಕ್ಕಳು, ದೊಡ್ಡವರನ್ನ ಕರ್ಕೊಂಡು ಹೋಗೋರಿಗೆ

ವಿಯೆಟ್ನಾಂ ಟ್ರಿಪ್ ಪ್ಲಾನ್ ಮಾಡ್ತಿರೋರಿಗೆ ಒಂದ್ ಮಾತು. ಡಾ ನಾಂಗ್ ಸಿಟಿ ಹತ್ರ ಬೆಟ್ಟದ ಮೇಲಿರೋ ಅಮ್ಯೂಸ್‌ಮೆಂಟ್ ಪಾರ್ಕ್ ಬಾ ನಾ ಹಿಲ್ಸ್‌ಗೆ ಹೋಗೋದಾದ್ರೆ ಬೆಳಗ್ಗೆ ಮೊದಲ ಕೇಬಲ್ ಕಾರ್‌ಗಳಲ್ಲೇ ಹತ್ಬಿಡಿ, ನಾವು ಹೋಟೆಲ್ ತಿಂಡಿ ಬಿಡಬಾರ್ದು ಅಂತ ಕೂತು ಹತ್ತೂವರೆಗೆ ಹೋದ್ವಿ ನೋಡಿ, ಗೋಲ್ಡನ್ ಬ್ರಿಡ್ಜ್ ಮೇಲೆ ಕಾಲಿಡಕ್ಕೂ ಜಾಗ ಇಲ್ಲ, ಫೋಟೋ ತುಂಬಾ ಬೇರೆಯವರ ತಲೆಗಳೇ. 2018ರಲ್ಲಿ ಓಪನ್ ಆಗಿರೋ ಆ ಸೇತುವೆ ಉದ್ದ ಬರೀ 150 ಮೀಟರ್ ಅಷ್ಟೇ (ಅದನ್ನ ಎತ್ತಿ ಹಿಡ್ದಿರೋ ಹಾಗೆ ಕಾಣೋ ದೊಡ್ಡ ಕೈಗಳ ಶಿಲ್ಪ ಹಳೇ ಕಲ್ಲಿನ ಥರ ಕಂಡ್ರೂ ಫೈಬರ್‌ಗ್ಲಾಸು, ನಮ್ಮ ಹುಡುಗನಿಗೆ ಹೇಳಿದ್ರೆ ನಂಬ್ಲೇ ಇಲ್ಲ).

ಜಾಕೆಟ್ ಮರೀಬೇಡಿ. ಕೆಳಗೆ ಬೆವರು ಸುರಿಯುತ್ತೆ, ಮೇಲೆ ಸುಮಾರು 1,400 ಮೀಟರ್ ಎತ್ತರ, ಮಂಜು ಯಾವಾಗ ಮುಚ್ಕೊಳ್ಳುತ್ತೋ ಹೇಳಕ್ಕಾಗಲ್ಲ. ಅಮ್ಮ ಶಾಲು ತಂದಿದ್ರು ಅಂತ ಬಚಾವ್, ಮಗಳನ್ನೂ ಅದ್ರೊಳಗೇ ಸುತ್ಕೊಂಡು ಬೆಂಚ್ ಮೇಲೆ ಕೂತಿದ್ರು.

ಮಳೆ ಬಂದ್ರೆ ಹೊರಗಿನ ರೈಡ್ ನಿಂತುಹೋಗಬಹುದು, ಅದಕ್ಕೆ ಆಲ್ಪೈನ್ ಕೋಸ್ಟರ್ (ಹಳಿ ಮೇಲೆ ಇಳಿಜಾರಲ್ಲಿ ಜಾರೋ ಪುಟ್ಟ ಗಾಡಿ) ಮೊದಲು ಮುಗಿಸಿ, ಆಟಗಳಿರೋ ಫ್ಯಾಂಟಸಿ ಪಾರ್ಕ್ ಮಧ್ಯಾಹ್ನಕ್ಕೆ ಇಟ್ಕೊಳಿ, ಅದು ಬಿಲ್ಡಿಂಗ್ ಒಳಗೇ ಇದೆ. ಎತ್ತರ ಅಂದ್ರೆ ತಲೆಸುತ್ತೋರು ಕ್ಯಾಬಿನ್‌ನಲ್ಲಿ ಬೆಟ್ಟದ ಕಡೆ ಮುಖ ಮಾಡಿ ಕೂತ್ಕೊಳಿ, ಒಂದು ಕೇಬಲ್ ಕಾರ್ ಲೈನ್ ಅಂತೂ 5,801 ಮೀಟರ್ ಉದ್ದ! ಆಮೇಲೆ ವಾಪಸ್ ಇಳಿಯೋ ಕೊನೆ ಕ್ಯಾಬಿನ್ ಟೈಮ್ ಬೋರ್ಡ್ ನೋಡಿ ಫೋಟೋ ತೆಗೆದಿಟ್ಕೊಳಿ.