ಪುಣೆ ಸುತ್ತಮುತ್ತ ಸೆಳೆವ (ಹ್ಯಾರಿಯರ್ ಅನ್ನೋ ಬೇಟೆ ಹಕ್ಕಿ) ಟ್ರ್ಯಾಕ್ ಮಾಡೋದು ಹೇಗೆ (ಜಿಪಿಎಸ್ ಇಲ್ದೇನೇ)

ಬೇಟೆ ಹಕ್ಕಿ ಟ್ರ್ಯಾಕಿಂಗ್ ಅಂದ್ರೆ ಬೆನ್ನಿಗೆ ಟ್ಯಾಗ್ ಕಟ್ಟೋದು ಅಂತ್ಲೇ ಎಲ್ರೂ ಅಂದ್ಕೊಂಡಿರ್ತಾರೆ. ಅದು ನಮ್ಮ ಕೆಲಸ ಅಲ್ಲ ಬಿಡಿ, ಇಲಾಖೆ ಪರ್ಮಿಷನ್ ಇಲ್ದೆ ಹಕ್ಕಿ ಹಿಡಿದ್ರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕೇಸು. 2013ರಲ್ಲಿ ನಾಗಾಲ್ಯಾಂಡಲ್ಲಿ ಅಮೂರ್ ಫಾಲ್ಕನ್‌ಗೆ 5 ಗ್ರಾಂ ಸೋಲಾರ್ ಟ್ಯಾಗ್ ಹಾಕಿದ್ರು, ಅವು ಅರಬ್ಬೀ ಸಮುದ್ರ ದಾಟಿ ಆಫ್ರಿಕಾಗೆ ಹೋಗೋ ದಾರಿ ಅದ್ರಿಂದ ಗೊತ್ತಾಯ್ತು. ಆದ್ರೆ ಹಕ್ಕಿ ಏನ್ ತಿಂತು, ಯಾರು ಓಡಿಸಿದ್ರು ಅನ್ನೋದನ್ನ ಅಂಥ ಟ್ಯಾಗ್ ಹೇಳಲ್ಲ, ಅದಕ್ಕೆ ಹುಲ್ಲುಗಾವಲಲ್ಲಿ ಕೂತು ನೋಡೋರೇ ಬೇಕು.

ಶುರು ಮಾಡೋಕೆ ಸಾಸವಡ ಕಡೆ ಬಯಲು ಸಾಕು. ಅಕ್ಟೋಬರಿಂದ ಮಾರ್ಚ್‌ವರೆಗೆ ಸೆಳೆವಗಳು ಇರ್ತವೆ. ಭಿಗವಣದಲ್ಲಿ ಫ್ಲೆಮಿಂಗೋ ನೋಡೋ ಜಾತ್ರೆ, ಕ್ಯಾಮೆರಾ ಲೆನ್ಸ್ ಉದ್ದದ ಪೈಪೋಟಿ ನಡೀತಿರತ್ತೆ, ಅಲ್ಲಿ ನೆಮ್ಮದಿಯಾಗಿ ನೋಟ್ಸ್ ಬರೆಯೋಕಾಗಲ್ಲ. ಒಂದೇ ಜಾಗ ಹಿಡ್ಕೊಳ್ಳಿ, ಅಲ್ಲಿಗೇ ಮತ್ತೆ ಮತ್ತೆ ಹೋಗಿ. ಕುರಿ ಮೇಯಿಸೋ ಧನಗರರನ್ನ ಮಾತಾಡ್ಸಿ, ಸಾಯಂಕಾಲ ಈ ಹಕ್ಕಿ ಯಾವ ಕಡೆ ಹೋಗತ್ತೆ ಅಂತ ಕೇಳಿದ್ರೆ ಕೈ ಮಾಡಿ ತೋರಿಸ್ತಾರೆ.

ಗುರುತು ಹಿಡಿಯೋದು ಗಂಡಲ್ಲಿ ಸುಲಭ. ಪ್ಯಾಲಿಡ್, ಮೊಂಟಾಗು ಅನ್ನೋ ಎರಡೂ ಜಾತಿ ಸೆಳೆವದ ಗಂಡು ಬೂದು ಬಣ್ಣವೇ, ಪ್ಯಾಲಿಡ್ ಆದ್ರೆ ರೆಕ್ಕೆ ತುದೀಲಿ ಚೂಪಾದ ಕರಿ ತ್ರಿಕೋನ, ಮೊಂಟಾಗು ಆದ್ರೆ ರೆಕ್ಕೆ ಮೇಲೆ ಕರಿ ಪಟ್ಟಿ. ಹೆಣ್ಣು, ಮರಿಗಳಲ್ಲಿ ತಜ್ಞರೂ ತಲೆ ಕೆರ್ಕೊಳ್ತಾರೆ, ಡೌಟಿದ್ರೆ ಬರೀ 'ಸೆಳೆವ' ಅಂತ ಬರೀರಿ, ಸುಮ್ನೆ ಜಾತಿ ಹಾಕ್ಬೇಡಿ. ಫೋಟೋ ತೆಗೆದಾಗ ರೆಕ್ಕೇಲಿ ಯಾವ ಗರಿ ಉದುರಿದೆ ನೋಡಿ, ಕೆಲವು ವಾರ ಅದೇ ಹಕ್ಕಿನ ಗುರುತಿಡೋಕೆ ಅದೇ ಆಧಾರ್ ಕಾರ್ಡು.

ಇನ್ನು ಅಸಲಿ ಕೆಲಸ. ಸೆಳೆವಗಳು ಮರದ ಮೇಲಲ್ಲ, ರಾತ್ರಿ ಹುಲ್ಲಲ್ಲಿ ನೆಲದ ಮೇಲೆ ಗುಂಪಾಗಿ ಮಲಗ್ತವೆ, ಆ ಜಾಗ ಹುಡುಕ್ಬೇಕು. ಇಬ್ಬರು ಒಂದು ಕಿಲೋಮೀಟರ್ ಅಂತರದಲ್ಲಿ ನಿಂತ್ಕೊಳ್ಳಿ, ಸೂರ್ಯ ಮುಳುಗೋಕೆ ಒಂದು ಗಂಟೆ ಮುಂಚೆಯಿಂದ ಹಕ್ಕಿ ಯಾವ ದಿಕ್ಕಿಗೆ ಇಳೀತು ಅಂತ ಫೋನಿನ ಕಂಪಾಸ್ ನೋಡಿ ಡಿಗ್ರಿ ಮತ್ತು ಟೈಮ್ ಬರೀರಿ. ಮನೆಗೆ ಬಂದು ಮ್ಯಾಪಲ್ಲಿ ಎರಡು ಗೆರೆ ಎಳೆದ್ರೆ ಅವು ಸೇರೋ ಕಡೆ ಹೆಚ್ಚುಕಮ್ಮಿ ಅವುಗಳ ಮಲಗೋ ಜಾಗ. ಮಾರನೇ ಸಲ ದೂರದಿಂದ ಬೈನಾಕ್ಯುಲರಲ್ಲಿ ಎಣಿಸಿ, ಒಳಗೆ ಮಾತ್ರ ಕಾಲಿಡ್ಬೇಡಿ, ಕತ್ತಲಲ್ಲಿ ಎಬ್ಬಿಸಿದ್ರೆ ಪಾಪ ಇನ್ನೆಲ್ಲಿಗೆ ಹೋಗ್ಬೇಕು ಅವು. ಬೆಳಗ್ಗೆ ಎಲ್ಲಾ ಹಾರಿಹೋದ್ಮೇಲೆ ಗ್ಲೌಸ್ ಹಾಕ್ಕೊಂಡು ಹೋದ್ರೆ ಅಲ್ಲಿ ಹಕ್ಕಿ ಕಕ್ಕಿರೋ ಉಂಡೆಗಳು ಸಿಗಬಹುದು, ಮೆಲ್ಲಗೆ ಬಿಡಿಸಿ ನೋಡಿದ್ರೆ ಮಿಡತೆ ಕಾಲು, ಇಲಿ ಕೂದಲು, ಸಣ್ಣ ಹಕ್ಕಿ ಗರಿ, ಅಂದ್ರೆ ಆ ಬಯಲು ಅದಕ್ಕೆ ಏನ್ ಊಟ ಹಾಕ್ತಿದೆ ಅಂತ ಕೈಯಲ್ಲೇ ಇರತ್ತೆ. ಹತ್ತಿರದಲ್ಲಿ ಬೀದಿನಾಯಿ ಎಷ್ಟು, ಹುಲ್ಲಿಗೆ ಬೆಂಕಿ ಬಿದ್ದಿದ್ಯಾ, ಪ್ಲಾಟಿಂಗ್ ಕಲ್ಲು ನೆಟ್ಟಿದಾರಾ, ಗಿಡ ನೆಡೋಕೆ ಗುಂಡಿ ತೋಡಿದಾರಾ, ಇದನ್ನೂ ತಾರೀಖು ಹಾಕಿ ಬರೀರಿ. ಸರ್ಕಾರಿ ಲೆಕ್ಕದಲ್ಲಿ ಇಂಥ ಎಷ್ಟೋ ಜಾಗ ಪಾಳು ಭೂಮಿ, ಇಷ್ಟು ಹಕ್ಕಿ ಇಲ್ಲಿ ಮಲಗ್ತವೆ ಅನ್ನೋ ದಾಖಲೆ ಇದ್ರೆ ಮಾತಾಡೋಕೆ ಬಾಯಿ ಬರತ್ತೆ.

ಹಗಲಲ್ಲಿ ರಾಮದಾಸ ಹದ್ದು (ಬ್ಲ್ಯಾಕ್-ವಿಂಗ್ಡ್ ಕೈಟ್) ನೋಡಿ, ಗಾಳೀಲಿ ನಿಂತಲ್ಲೇ ರೆಕ್ಕೆ ಬಡಿಯೋದು. ಅರ್ಧ ಗಂಟೇಲಿ ಎಷ್ಟು ಸಲ ಧುಮುಕ್ತು, ಎಷ್ಟು ಸಲ ಬೇಟೆ ಸಿಕ್ತು ಅಂತ ಗೀಟು ಹಾಕ್ಕೊಳ್ಳಿ. ಇಲಿ ಹಿಡಿದು ತಿನ್ನದೆ ಸೀದಾ ಒಂದೇ ದಿಕ್ಕಿಗೆ ಹೊತ್ಕೊಂಡು ಹೋಗ್ತಿದ್ರೆ ಆ ಕಡೆ ಗೂಡಿರೋ ಚಾನ್ಸ್ ಜಾಸ್ತಿ. ಹಿಂದೆ ಓಡ್ಬೇಡಿ, ವಾಟ್ಸಾಪ್ ಗ್ರೂಪಿಗೆ ಲೊಕೇಶನ್ ಅಂತೂ ಹಾಕ್ಲೇಬೇಡಿ, ಮರಿ ಹಾರೋವರೆಗೂ ನಿಮ್ಮ ಡೈರೀಲೇ ಇರ್ಲಿ. ಉಳಿದ ಲೆಕ್ಕ ಈಬರ್ಡ್‌ಗೆ (ಹಕ್ಕಿ ನೋಡಿದ್ದನ್ನ ದಾಖಲಿಸೋ ವೆಬ್‌ಸೈಟ್) ಹಾಕಿ, ಏನೂ ಕಾಣ್ದಿದ್ದ ದಿನದ ಲಿಸ್ಟೂ ಸೇರಿಸಿ.

ಲೈಟ್ ಕಂಬದ ಕೆಳಗೆ ಸತ್ತ ಹದ್ದು ಕಂಡ್ರೆ ಮುಟ್ಬೇಡಿ, ಕಂಬದ ನಂಬರ್ ಕಾಣೋ ಹಾಗೆ ಫೋಟೋ ತೆಗೆದು ಮಹಾರಾಷ್ಟ್ರ ಅರಣ್ಯ ಇಲಾಖೆ ಹೆಲ್ಪ್‌ಲೈನ್ 1926ಕ್ಕೆ ಫೋನ್ ಮಾಡಿ. ಮರಾಠಿ ಬರದಿದ್ರೂ ಹಿಂದೀಲಿ ನಡೆಯತ್ತೆ.