ಸಕ್ಕರೆ ಪಾಕದಲ್ಲಿ ಕಂಡ ಅಂಬರಿನ ನೊಣ

ಕನ್ನಡಿ ಹಾಗೆ ಪಾಲಿಶ್ ಮಾಡದೆ ಅಂಬರಿನೊಳಗೆ, ಅಂದರೆ ಕಲ್ಲಿನಂತಾದ ಪುರಾತನ ಮರದ ರಾಳದೊಳಗೆ, ಸಿಕ್ಕಿಬಿದ್ದ ನೊಣದ ರೆಕ್ಕೆಯ ನರ ಕಾಣುವುದಿಲ್ಲ ಅಂತ ಗೆಳೆಯರೆಲ್ಲ ಹೇಳುತ್ತಿದ್ದರು. ನನಗೆ ಕಂಡಿದೆ. ಅದೂ ಶಿರಸಿಯ ಮಳೆಗಾಲದಲ್ಲಿ, ಅಡುಗೆಮನೆಯ ಸಕ್ಕರೆ ಪಾಕದಲ್ಲಿ.

ನಾನು ತರಿಸುವುದು ಬಾಲ್ಟಿಕ್ ಅಂಬರ್, ಸುಮಾರು 4 ಕೋಟಿ ವರ್ಷ ಹಳೆಯ ಮಾಲು. ನೊಣ ಇರುವ ತುಂಡಿಗೆ ಸಾಗಣೆ ಸೇರಿ ಎರಡೂವರೆ, ಮೂರು ಸಾವಿರ ಬೀಳುತ್ತದೆ. ಮೊದಲ ಸಲ ಬಂದದ್ದರಲ್ಲಿ ಅರ್ಧಕ್ಕರ್ಧ ಪ್ಲಾಸ್ಟಿಕ್. ಅಸಲಿ ಅಂಬರ್ ತೇಲುವ ಗಟ್ಟಿ ಉಪ್ಪುನೀರಿಗೆ ಹಾಕಿದರೆ ಇವು ತಳಕ್ಕೆ ಹೋಗಿ ಕುಳಿತವು. ತೇಲಿದ್ದರಲ್ಲೂ ಒಂದು ಕೋಪಲ್, ಅಂದರೆ ಇನ್ನೂ ಅಂಬರ್ ಆಗದ ಎಳೆಯ ರಾಳ, ಅಸಿಟೋನ್ ಬಿದ್ದ ಕೂಡಲೇ ಅಂಟಂಟು. ಮಾರಿದವನು ಉತ್ತರವನ್ನೇ ಕೊಡಲಿಲ್ಲ.

ಪಾಲಿಶಿನದು ಬೇರೆಯೇ ಗೋಳು. 400, 800, 1200, 2000 ಅಂತ ವಾಟರ್ ಪೇಪರಿನಲ್ಲಿ ಉಜ್ಜುತ್ತಾ ಹೋದರೆ ಗೀರು ಹೋಗುತ್ತದೆ ನಿಜ, ಆದರೆ ನೊಣವೂ ಮೇಲೆ ಬರುತ್ತದೆ. ಒಂದು ಚೆಂದದ ಡೋಲಿಕೋಪೋಡಿಡೇ (ಉದ್ದ ಕಾಲಿನ ನೊಣಗಳ ಕುಟುಂಬ) ನೊಣದ ಕಾಲು ಹೀಗೇ ಸವೆದುಹೋಯಿತು. ಬಫಿಂಗ್ ಮೋಟಾರಿಗೆ ನಾಲ್ಕು ಸಾವಿರ ಸುರಿದೆ. ಬಿಸಿಗೆ ಅಂಬರ್ ಮೆತ್ತಗಾಗಿ ಬಟ್ಟೆಗೆ ಹಿಡಿಯಿತು. ಆ ಮೋಟಾರಿಗೆ ಕಲ್ಲು ಹಾಕಿಕೊಂಡು ಪಕ್ಕದ ಮನೆಯವರು ಈಗ ಕತ್ತಿ ಮಸೆಯುತ್ತಾರೆ.

ಅಂಬರಿನ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ, 1.54. ಸುತ್ತಲಿನ ದ್ರವ ಅದಕ್ಕೆ ಹತ್ತಿರವಾದಷ್ಟೂ ಗೀರು ಮಾಯ, ಅಲ್ವಾ? ಗ್ಲಿಸರಿನ್ 1.47. ಆದರೆ ಇಲ್ಲಿನ ತೇವದ ಗಾಳಿಯಿಂದ ನೀರು ಎಳೆದುಕೊಂಡು ತೆಳ್ಳಗಾಗುತ್ತದೆ. ಲವಂಗದ ಎಣ್ಣೆ 1.53, ಲೆಕ್ಕಕ್ಕೆ ಸರಿ. ಆದರೆ ಎಲ್ಲಿ ಹಾಳಾದೀತೋ ಅಂತ ಮೂರು ಸಾವಿರದ ತುಂಡನ್ನು ಅದರಲ್ಲಿ ಅದ್ದಲು ಧೈರ್ಯ ಬರಲಿಲ್ಲ. ಜೋನಿ ಬೆಲ್ಲವನ್ನೂ ನೋಡಿದೆ, ಸುಮ್ನೆ ಕಪ್ಪು. ಗಟ್ಟಿ ಸಕ್ಕರೆ ಪಾಕ ಮಾತ್ರ 1.49ರ ಆಸುಪಾಸಿಗೆ ಹೋಗುತ್ತದೆ, ಖರ್ಚು ಹತ್ತು ರೂಪಾಯಿಯೂ ಇಲ್ಲ. ಹರಳುಗಟ್ಟದ ಹಾಗೆ ಕುದಿಯುವಾಗ ಲಿಂಬೆ ರಸ ಬೀಳಬೇಕು. ಗುಳ್ಳೆ ತೆಗೆಯುವ ಕ್ರಮ ನನ್ನದೇ, ಅದನ್ನು ಹೇಳುವುದಿಲ್ಲ.

ನಡುವೆ ಸಾಲುಧೂಪದ ಮರದ ಹಸಿ ರಾಳದಲ್ಲಿ ನೊರಜು ಹಿಡಿಯುವ ಹುಚ್ಚೂ ಹತ್ತಿತ್ತು. ಗುಜರಾತಿನ ಲಿಗ್ನೈಟ್ ಗಣಿಗಳಲ್ಲಿ ಸಿಗುವ 5 ಕೋಟಿ ವರ್ಷದ ಅಂಬರ್ ಇದೇ ಕುಟುಂಬದ ಮರಗಳದ್ದು. ನೊರಜೇನೋ ಸಿಕ್ಕವು. ಒಣಗುವಾಗ ರಾಳ ಬಿರಿದು ರೆಕ್ಕೆಗಳೂ ಸೀಳಿದವು. ಅಲ್ಲಿಗೆ ಬಿಟ್ಟೆ.

ಈಗ 800ಕ್ಕೇ ಉಜ್ಜುವುದು ನಿಲ್ಲಿಸುತ್ತೇನೆ. ತುಂಡನ್ನು ಪಾಕದಲ್ಲಿ ಮುಳುಗಿಸಿ, ಮೇಲೆ ತೆಳು ಗಾಜಿನ ಕವರ್ ಸ್ಲಿಪ್ ಇಟ್ಟು, ಒಂದೊಂದು ಆಳಕ್ಕೆ ಫೋಕಸ್ ಮಾಡಿ ಅರವತ್ತು ಎಪ್ಪತ್ತು ಫೋಟೋ ತೆಗೆದು ಒಂದಾಗಿ ಜೋಡಿಸುತ್ತೇನೆ. ಕಳೆದ ತಿಂಗಳು ಒಂದು ಫಂಗಸ್ ನ್ಯಾಟ್‌ (ಅಣಬೆ ನೊರಜು) ರೆಕ್ಕೆಯ ಕವಲೊಡೆದ ನರ, ಕಾಲಿನ ಮುಳ್ಳು, ಹಿಂದಿನ ರೆಕ್ಕೆಯ ಜಾಗದಲ್ಲಿರುವ ಗುಂಡುತಲೆಯ ಎರಡು ಪುಟ್ಟ ಕಡ್ಡಿ, ಎಲ್ಲ ಬಂತು. ಆಗುವುದಿಲ್ಲ ಅಂದ ಗೆಳೆಯರೇ ಈಗ ಪಾಕದ ಅಳತೆ ಕೇಳುತ್ತಿದ್ದಾರೆ. ಕೆಲಸ ಮುಗಿದ ಕೂಡಲೇ ತುಂಡನ್ನು ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದಿಡಿ, ಇಲ್ಲದಿದ್ದರೆ ಬೆಳಿಗ್ಗೆ ಇರುವೆ ಸಾಲು ಗ್ಯಾರಂಟಿ.